ಮುಳುಗಿ ಕುಳಿತ ಜಲಾಂತರ್ಗಾಮಿಗೆ ರಕ್ಷಣಾ ವಾಹನವನ್ನು ಜೋಡಿಸುವ ವಿಧಾನ

ಸಮುದ್ರ ಕಾಣದ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ನೌಕಾಪಡೆಗೆ ಸೇರುವ ಹುಡುಗರು ಕಡಿಮೆಯೇನಿಲ್ಲ. ವಿಜಯಪುರದ ಸೈನಿಕ ಶಾಲೆ 1963ರಿಂದಲೂ ಮಕ್ಕಳನ್ನು ಸಶಸ್ತ್ರ ಪಡೆಗಳಿಗೆ ಅಣಿಗೊಳಿಸುತ್ತ ಬಂದಿದೆ. ಡಿಪ್ಲೊಮಾ ಮುಗಿಸಿ ತಾಂತ್ರಿಕ ಶಾಖೆಗೆ ಅರ್ಜಿ ಹಾಕುವವರೂ ಇದ್ದಾರೆ. ಅವರಲ್ಲಿ ಯಾರಾದರೂ ಜಲಾಂತರ್ಗಾಮಿ ವಿಭಾಗ ಸೇರಿದರೆ ಮನೆಯವರ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ: ಅದು ಕಡಲ ತಳದಲ್ಲಿ ಕೆಟ್ಟು ನಿಂತರೆ ಒಳಗಿದ್ದವರನ್ನು ಹೊರಗೆ ತರುವುದು ಹೇಗೆ? ಆ ಕೆಲಸ ಯಾವ ಕ್ರಮದಲ್ಲಿ ನಡೆಯುತ್ತದೆ, ಆ ಕ್ರಮವನ್ನು ಏಕೆ ತಪ್ಪಿಸಬಾರದು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ವರ್ಕ್‌ಶಾಪ್‌ಗಳಲ್ಲಿ ಹೈಡ್ರಾಲಿಕ್ ಸಿಲಿಂಡರ್, ವಾಲ್ವ್‌ಗಳ ನಡುವೆ ದಿನ ಕಳೆಯುವವರಿಗೂ ಪಾಲಿಟೆಕ್ನಿಕ್ ವಿದ್ಯಾರ್ಥಿಗಳಿಗೂ ಇದರ ಮರ್ಮ ಬೇಗ ಹಿಡಿಯುತ್ತದೆ, ಏಕೆಂದರೆ ಇದರ ಜೀವವಿರುವುದು ಒಂದು ಸೀಲ್‌ನಲ್ಲಿ. ಕೊನೆಯಲ್ಲಿ, ಒಂದು ಡ್ರಮ್ಮು ನೀರು ಮತ್ತು ಲೇತ್‌ನಲ್ಲಿ ಮಾಡಿದ ಒಂದು ಬಟ್ಟಲಿನಿಂದ ಇದೇ ಕ್ರಿಯೆಯನ್ನು ಕೈಯಾರೆ ಮಾಡಿ ನೋಡುವ ಬಗೆಯನ್ನೂ ಕೊಟ್ಟಿದ್ದೇನೆ.

ಮೊದಲು ಒಂದು ತಪ್ಪು ಕಲ್ಪನೆಯನ್ನು ಬಿಡಬೇಕು. ರಕ್ಷಣಾ ವಾಹನವು, ಅಂದರೆ ಸಿಬ್ಬಂದಿಯನ್ನು ಕರೆತರಲು ಇಳಿಯುವ ಪುಟ್ಟ ಜಲಾಂತರ್ಗಾಮಿಯು, ಯಂತ್ರದ ಕೈಗಳಿಂದಲೋ ಅಯಸ್ಕಾಂತದಿಂದಲೋ ಜಲಾಂತರ್ಗಾಮಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ ಎಂದು ಹಲವರು ಭಾವಿಸುತ್ತಾರೆ. ವಾಸ್ತವದಲ್ಲಿ ಹಿಡಿದುಕೊಳ್ಳುವುದು ಸಮುದ್ರವೇ. ವಾಹನದ ಹೊಟ್ಟೆಯ ಕೆಳಗೆ ಬೋರಲು ಹಾಕಿದ ಬಟ್ಟಲಿನಂಥ ಒಂದು ಭಾಗವಿರುತ್ತದೆ. ಅದಕ್ಕೆ ಸ್ಕರ್ಟ್ ಎನ್ನುತ್ತಾರೆ. ಅದರ ಅಂಚಿಗೆ ರಬ್ಬರ್ ಸೀಲ್ ಇರುತ್ತದೆ. ಜಲಾಂತರ್ಗಾಮಿಯ ಹ್ಯಾಚ್‌ನ, ಅಂದರೆ ಜನ ಹತ್ತಿ ಇಳಿಯುವ ಬಾಗಿಲಿನ, ಸುತ್ತ ಸಮತಟ್ಟಾಗಿ ಮಷಿನಿಂಗ್ ಮಾಡಿದ ಉಕ್ಕಿನ ವರ್ತುಲವೊಂದಿರುತ್ತದೆ. ಅದು ರೆಸ್ಕ್ಯೂ ಸೀಟ್. ಈ ಸೀಟಿನ ಮೇಲೆ ಸ್ಕರ್ಟನ್ನು ಕೂಡಿಸಿ ಒಳಗಿನ ನೀರಿನ ಒತ್ತಡವನ್ನು ಇಳಿಸಿದರೆ ಹೊರಗಿನ ನೀರು ವಾಹನವನ್ನು ಸೀಟಿಗೆ ಒತ್ತಿ ಹಿಡಿಯುತ್ತದೆ. ಸ್ಕರ್ಟಿನ ವ್ಯಾಸ ಒಂದೂವರೆ ಮೀಟರ್ ಎಂದು ಹಿಡಿದು ಲೆಕ್ಕ ಹಾಕೋಣ. 300 ಮೀಟರ್ ಆಳದಲ್ಲಿ ಪ್ರತಿ ಚದರ ಸೆಂಟಿಮೀಟರ್ ಮೇಲೆ ಸುಮಾರು 30 ಕಿಲೋ ಭಾರ ಬೀಳುತ್ತದೆ. ಆ ವ್ಯಾಸದ ವಿಸ್ತೀರ್ಣಕ್ಕೆ ಅದು 540 ಟನ್ ಆಸುಪಾಸು ಆಗುತ್ತದೆ. ಕಬ್ಬು ತುಂಬಿದ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ನ ಹೇರು 20 ಟನ್ ಎಂದುಕೊಂಡರೆ, ಅಂಥ 27 ಟ್ರ್ಯಾಕ್ಟರ್‌ಗಳ ಕಬ್ಬನ್ನು ಒಂದೇ ಬಟ್ಟಲಿನ ಮೇಲೆ ಒಟ್ಟಿದಂತೆ. ಇಷ್ಟು ಬಲ ತಾನಾಗಿ ಸಿಗುವಾಗ ಬೇರೆ ಕೊಂಡಿಯನ್ನು ನೆಚ್ಚಿಕೊಳ್ಳುವ ಅಗತ್ಯವಿಲ್ಲ. ಆದರೆ ಆ ಬಲ ಸಿಗಬೇಕಾದರೆ ಸೀಟು ಸ್ವಚ್ಛವಾಗಿರಬೇಕು, ಸ್ಕರ್ಟ್ ಸರಿಯಾಗಿ ಕೂತಿರಬೇಕು, ವಾಲ್ವ್‌ಗಳನ್ನು ಸರಿಯಾದ ಅನುಕ್ರಮದಲ್ಲಿ ತೆರೆಯಬೇಕು.

ವಾಹನ ಇಳಿಯುವ ಮೊದಲು

ಜಲಾಂತರ್ಗಾಮಿಯೊಂದು ನಿಗದಿತ ವೇಳೆಗೆ ಸಂಪರ್ಕಕ್ಕೆ ಬರದಿದ್ದರೆ ಶೋಧ ಆರಂಭವಾಗುತ್ತದೆ. ಕೆಟ್ಟ ಜಲಾಂತರ್ಗಾಮಿಯು ಸೂಚಕ ಬೋಯ್ (ತೇಲುವ ಗುರುತು) ಅನ್ನು ಮೇಲಕ್ಕೆ ಬಿಡಬಹುದು, ನೀರೊಳಗಿನ ಟೆಲಿಫೋನ್ ಮೂಲಕ ಮಾತನಾಡಬಹುದು, ಎಲ್ಲವೂ ಕೈಕೊಟ್ಟರೆ ಸಿಬ್ಬಂದಿ ಸುತ್ತಿಗೆಯಿಂದ ಒಡಲನ್ನು ಬಡಿದು ಸದ್ದು ಮಾಡಬಹುದು. ಹಡಗುಗಳು ಸದ್ದಿನ ಮೂಲಕ ನೀರೊಳಗಿನದನ್ನು ಪತ್ತೆಹಚ್ಚುವ ಸೋನಾರ್‌ನಿಂದ ತಳವನ್ನು ಜಾಲಾಡಿ ಅದು ಮಲಗಿರುವ ಜಾಗವನ್ನು ಗುರುತಿಸುತ್ತವೆ. ಈ ಹೊತ್ತಿನಲ್ಲಿ ಒಳಗಿರುವವರ ಕರ್ತವ್ಯ ಸುಮ್ಮನೆ ಮಲಗಿರುವುದು. ವಿಶ್ರಾಂತಿಯಲ್ಲಿರುವ ಮನುಷ್ಯ ಗಂಟೆಗೆ ಸುಮಾರು 20 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾನೆ. ಓಡಾಡಿದರೆ ಅದು ಹಲವು ಪಟ್ಟು ಹೆಚ್ಚುತ್ತದೆ. ಆಮ್ಲಜನಕ ಮುಗಿಯುವ ಮೊದಲೇ ಈ ಅನಿಲ ಮನುಷ್ಯನನ್ನು ಕೆಡವುವ ಸಂಭವ ಹೆಚ್ಚು. ಗಾಳಿಯಲ್ಲಿ ಅದು ಶೇ 3 ದಾಟಿದರೆ ತಲೆನೋವು, ಏದುಸಿರು ಶುರುವಾಗುತ್ತವೆ; ಶೇ 6ರ ಹೊತ್ತಿಗೆ ಯೋಚನೆ ಮಂಕಾಗುತ್ತದೆ.

ಸಿಬ್ಬಂದಿ ಸುಮಾರು ಏಳು ದಿನ ಬದುಕಿರಲು ಬೇಕಾದ ಸಾಮಗ್ರಿಯನ್ನು ಜಲಾಂತರ್ಗಾಮಿಗಳು ಇಟ್ಟುಕೊಂಡಿರಬೇಕು ಎಂಬುದು, ಮೊದಲ ತಂಡವನ್ನು 72 ಗಂಟೆಗಳೊಳಗೆ ಮೇಲೆ ತರಬೇಕು ಎಂಬುದು ಜಗತ್ತಿನ ನೌಕಾಪಡೆಗಳು ಒಪ್ಪಿಕೊಂಡ ಗುರಿಗಳು. ಸಮಯ ಸಾಲದೆಂದು ಕಂಡರೆ ರಿಮೋಟ್‌ನಿಂದ ನಡೆಯುವ ಆರ್‌ಒವಿ ಯಂತ್ರವೋ ಮುಳುಗುಗಾರರೋ ನೀರು ಹೊಗದ ಡಬ್ಬಗಳಲ್ಲಿ ಡೈಆಕ್ಸೈಡ್ ಹೀರುವ ರಾಸಾಯನಿಕ, ಉರಿದಾಗ ಆಮ್ಲಜನಕ ಬಿಡುವ ಕ್ಯಾಂಡಲ್, ಔಷಧ, ಆಹಾರಗಳನ್ನು ಒಯ್ದು ಎಸ್ಕೇಪ್ ಟವರ್ ಎಂಬ, ಎರಡು ಹ್ಯಾಚ್‌ಗಳ ನಡುವಿನ ಕಿರಿದಾದ ಕೋಣೆಯ ಮೂಲಕ ಒಳಗೆ ತಲುಪಿಸುತ್ತಾರೆ.

ರಕ್ಷಣಾ ವಾಹನಕ್ಕಿಂತ ಮುಂಚೆ ಆರ್‌ಒವಿಯನ್ನು ಇಳಿಸುವುದು ಕ್ರಮ, ಮತ್ತು ಇದನ್ನು ಅವಸರದಲ್ಲಿ ಬಿಟ್ಟುಬಿಡಬಾರದು ಎಂದು ನಾನು ಒತ್ತಿ ಹೇಳುತ್ತೇನೆ. ಜಲಾಂತರ್ಗಾಮಿ ಎಷ್ಟು ಡಿಗ್ರಿ ವಾಲಿದೆ, ಮೂತಿ ಮೇಲಾಗಿದೆಯೋ ಕೆಳಗಾಗಿದೆಯೋ, ಯಾವ ಹ್ಯಾಚ್ ಬಳಸಲು ಯೋಗ್ಯ, ಪ್ರವಾಹ ಯಾವ ಕಡೆಯಿಂದ ಹರಿಯುತ್ತಿದೆ ಎಂಬುದೆಲ್ಲ ಅದರ ಕ್ಯಾಮೆರಾದಿಂದ ತಿಳಿಯುತ್ತದೆ. ಅದಕ್ಕಿಂತ ಮುಖ್ಯವಾದದ್ದು ಸೀಟಿನ ಸ್ಥಿತಿ. ಹರಿದ ಮೀನುಬಲೆ, ತುಂಡಾದ ಕೇಬಲ್, ಸಡಿಲಗೊಂಡ ಹೊರಹೊದಿಕೆಯ ಚೂರು, ಮರಳು, ಹೂಳು ಇವುಗಳಲ್ಲಿ ಯಾವುದು ಸೀಟಿನ ಮೇಲೆ ಉಳಿದರೂ ಸೀಲ್ ಕೂರುವುದಿಲ್ಲ. ಆರ್‌ಒವಿಯ ಕೈಗೆ ಕಟರ್, ಬ್ರಷ್, ನೀರಿನ ಜೆಟ್ ಕಟ್ಟಿ ಅದನ್ನು ತೊಳೆದು ತೆಗೆಯಬೇಕು. ಉದ್ಯಮಬಾಗದ ಹಿರಿಯ ಫಿಟ್ಟರ್‌ಗಳು ಹೇಳುವ ಮಾತೊಂದಿದೆ: "ಕೂಡೋ ಜಾಗ ಸ್ವಚ್ಛ ಇಲ್ಲಂದ್ರ ಎಷ್ಟ ಬಿಗಿದ್ರೂ ಸೋರೂದು ಬಿಡಂಗಿಲ್ಲ." ಕಡಲ ತಳದಲ್ಲೂ ಈ ಮಾತಿಗೆ ವಿನಾಯಿತಿ ಇಲ್ಲ.

ಬಲೆಯ ವಿಷಯವನ್ನು ಹಗುರವಾಗಿ ಹೇಳುತ್ತಿಲ್ಲ. 2005ರ ಆಗಸ್ಟ್‌ನಲ್ಲಿ ರಷ್ಯಾದ ಕಮ್ಚಟ್ಕಾ ಕರಾವಳಿಯಲ್ಲಿ, ಇತರರನ್ನು ರಕ್ಷಿಸಲೆಂದೇ ಕಟ್ಟಿದ್ದ ಎಎಸ್-28 ಎಂಬ ವಾಹನವೇ ಸುಮಾರು 190 ಮೀಟರ್ ಆಳದಲ್ಲಿ ಬಲೆಗಳಿಗೆ ಸಿಕ್ಕಿಕೊಂಡಿತು. ಬ್ರಿಟನ್ನಿನಿಂದ ವಿಮಾನದಲ್ಲಿ ತಂದ ಸ್ಕಾರ್ಪಿಯೊ ಎಂಬ ಆರ್‌ಒವಿ ಬಲೆಯನ್ನು ಕತ್ತರಿಸಿದ ಮೇಲೆ ಅದು ಮೇಲೆದ್ದು ಬಂದಿತು. ಒಳಗಿದ್ದ ಏಳೂ ಮಂದಿ ಬದುಕಿದರು.

ಹತ್ತಿರವಾಗುವುದು ಮತ್ತು ಕೂರುವುದು

ವಾಹನವನ್ನು ಹೊತ್ತು ತಂದ ತಾಯಿ ಹಡಗಿನ ಹಿಂಭಾಗದ ಕ್ರೇನ್ ಚೌಕಟ್ಟಿನಿಂದ ವಾಹನವನ್ನು ನೀರಿಗಿಳಿಸುತ್ತಾರೆ. ಅಲೆಗಳಿರುವ ಮೇಲ್ಮೈಯನ್ನು ದಾಟುವ ಆ ಕೆಲವು ನಿಮಿಷಗಳು ಅಪಾಯಕರ. ಹವೆ ಕೆಟ್ಟಿದ್ದರೆ ಇಡೀ ಕಾರ್ಯಾಚರಣೆ ನಿಲ್ಲುವುದು ಇಲ್ಲಿಯೇ. ಅಲ್ಲಿಂದ ಕೆಳಗೆ ನೀರು ಶಾಂತವಾಗಿರುತ್ತದೆ. ಸೋನಾರ್ ಹಿಡಿದು ತಳ ಸಮೀಪಿಸಿದ ಚಾಲಕ ಪ್ರವಾಹಕ್ಕೆ ಎದುರು ಮುಖವಾಗಿ ಬರಬೇಕು. ಪ್ರವಾಹದ ಜೊತೆಗೆ ಬಂದರೆ ನಿಲ್ಲಿಸಲು ಹಿಮ್ಮುಖ ಶಕ್ತಿ ಬೇಕಾಗುತ್ತದೆ, ಸ್ವಲ್ಪ ತಪ್ಪಿದರೂ ವಾಹನ ಸೀಟನ್ನು ದಾಟಿ ಮುಂದೆ ಹೋಗುತ್ತದೆ ಅಥವಾ ಜಲಾಂತರ್ಗಾಮಿಯ ಗೋಪುರಕ್ಕೆ ಬಡಿಯುತ್ತದೆ. ಎದುರು ಬಂದರೆ ಥ್ರಸ್ಟರ್‌ನ, ಅಂದರೆ ವಾಹನವನ್ನು ತಳ್ಳುವ ಪಂಖದ, ಬಲವನ್ನು ಸ್ವಲ್ಪ ಇಳಿಸಿದರೆ ಸಾಕು, ವಾಹನ ಹಿಂದೆ ಸರಿಯುತ್ತದೆ; ಏರಿಸಿದರೆ ಮುಂದೆ ಬರುತ್ತದೆ; ಎರಡೂ ಕೈಯ ಹಿಡಿತದಲ್ಲಿರುತ್ತವೆ.

ಹತ್ತಿರ ಬಂದಂತೆ ಥ್ರಸ್ಟರ್ ಎಬ್ಬಿಸುವ ಹೂಳು ದೀಪದ ಬೆಳಕನ್ನು ಮಸುಕಾಗಿಸುತ್ತದೆ. ಅಂಥ ಸಮಯದಲ್ಲಿ ಚಾಲಕ ಮುಂದುವರಿಯಬಾರದು; ಪ್ರವಾಹ ಹೂಳನ್ನು ಕೊಂಡೊಯ್ಯುವವರೆಗೆ ಕಾಯಬೇಕು. ಸ್ಕರ್ಟಿನೊಳಗೆ ನೋಡುವ ಕ್ಯಾಮೆರಾ ಇರುತ್ತದೆ. ಹ್ಯಾಚ್‌ನ ಮಧ್ಯಭಾಗ ಪರದೆಯ ಮಧ್ಯಕ್ಕೆ ಬರುವಂತೆ ಹೊಂದಿಸಿಕೊಂಡು, ಕೊನೆಯ ಒಂದು ಮೀಟರ್ ದೂರವನ್ನು ಅತಿ ನಿಧಾನವಾಗಿ ಇಳಿಯಬೇಕು. ಜಲಾಂತರ್ಗಾಮಿ ಒಂದು ಮಗ್ಗುಲಿಗೆ ವಾಲಿದ್ದರೆ ಸ್ಕರ್ಟ್ ಕೂಡ ಅದೇ ಕೋನಕ್ಕೆ ತಿರುಗಬೇಕು. ಇಂದಿನ ಕೆಲವು ವಾಹನಗಳು 60 ಡಿಗ್ರಿ ವಾಲಿದ ಸೀಟಿನ ಮೇಲೂ ಕೂರಬಲ್ಲವು. ಕೆಲವುಗಳಲ್ಲಿ ಸ್ಕರ್ಟೇ ಬಾಗುತ್ತದೆ, ಕೆಲವುಗಳಲ್ಲಿ ಟ್ಯಾಂಕ್‌ನಿಂದ ಟ್ಯಾಂಕ್‌ಗೆ ಭಾರ ಸರಿಸಿ ಇಡೀ ವಾಹನವನ್ನೇ ಓರೆಯಾಗಿಸುತ್ತಾರೆ.

ರಬ್ಬರ್ ಉಕ್ಕಿಗೆ ತಗುಲಿದ ಕ್ಷಣದಲ್ಲಿ ಏನೂ ಅಂಟಿಕೊಂಡಿರುವುದಿಲ್ಲ ಎಂಬುದನ್ನು ನೆನಪಿಡಬೇಕು. ಸ್ಕರ್ಟಿನ ಒಳಗೂ ಹೊರಗೂ ಇರುವುದು ಒಂದೇ ಸಮುದ್ರ, ಒಂದೇ ಒತ್ತಡ. ಆದ್ದರಿಂದ ಚಾಲಕ ಥ್ರಸ್ಟರ್‌ಗಳಿಂದ ವಾಹನವನ್ನು ಕೆಳಕ್ಕೆ ಒತ್ತಿ ಹಿಡಿದುಕೊಂಡೇ ಪಂಪ್ ಚಾಲೂ ಮಾಡಬೇಕು. ಥ್ರಸ್ಟರ್‌ನ ಕೆಲಸ ಆ ಕೆಲವು ಕ್ಷಣಗಳ ಮಟ್ಟಿಗೆ ಮಾತ್ರ. ಆಮೇಲೆ ಸಮುದ್ರ ಅದನ್ನು ತಾನೇ ವಹಿಸಿಕೊಳ್ಳುತ್ತದೆ.

ಇಲ್ಲಿ ಹೈಡ್ರಾಲಿಕ್ಸ್ ಬಲ್ಲವರು ಗಮನಿಸಬೇಕಾದ ಸೂಕ್ಷ್ಮವೊಂದಿದೆ, ನನ್ನ ಅಭಿಪ್ರಾಯದಲ್ಲಿ ಇಡೀ ಕ್ರಿಯೆಯಲ್ಲಿ ಇದೇ ಅತ್ಯಂತ ಸುಂದರವಾದ ಭಾಗ. ನೀರು ಹಿಗ್ಗುವುದೂ ಕುಗ್ಗುವುದೂ ತೀರಾ ಕಡಿಮೆ. ಸ್ಕರ್ಟಿನಲ್ಲಿ ಎರಡು ಘನ ಮೀಟರ್, ಅಂದರೆ 2,000 ಲೀಟರ್ ನೀರು ಸಿಕ್ಕಿಕೊಂಡಿದೆ ಎನ್ನೋಣ. ಸೀಲ್ ಪೂರ್ತಿ ಬಿಗಿಯಾಗಿದ್ದರೆ, 300 ಮೀಟರ್ ಆಳದ ಒತ್ತಡವನ್ನು ಮೇಲ್ಮೈಯ ಒತ್ತಡಕ್ಕೆ ಇಳಿಸಲು ಲೆಕ್ಕದ ಪ್ರಕಾರ ಮೂರು ಲೀಟರಿನಷ್ಟು ನೀರು ತೆಗೆದರೆ ಸಾಕು. ಉಕ್ಕು, ರಬ್ಬರ್ ತುಸು ಮಣಿಯುವುದರಿಂದ ನಿಜದಲ್ಲಿ ಸ್ವಲ್ಪ ಹೆಚ್ಚು ಬೇಕಾಗುತ್ತದೆ. ಹೀಗೆ ಸಣ್ಣ ಪಂಪೊಂದು ಬಿಂದಿಗೆಯಷ್ಟು ನೀರು ಎಳೆದೊಡನೆ ಗೇಜ್‌ನ ಮುಳ್ಳು ಕುಸಿದು, ನೂರಾರು ಟನ್‌ಗಳ ಹಿಡಿತ ತಾನಾಗಿ ಬಂದುಬಿಡುತ್ತದೆ. ಇದೇ ಕಾರಣದಿಂದ ಗೇಜ್ ಒಳ್ಳೆಯ ಸಾಕ್ಷಿಯೂ ಹೌದು. ಮುಳ್ಳು ಇಳಿಯದೆ ಪಂಪ್ ನೀರು ಎಳೆಯುತ್ತಲೇ ಇದ್ದರೆ ಎಲ್ಲೋ ಸೋರಿಕೆ ಇದೆ ಎಂದೇ ಅರ್ಥ. ಆಗ ಪಂಪನ್ನು ಇನ್ನಷ್ಟು ಜೋರಾಗಿ ಓಡಿಸಿ ಪ್ರಯೋಜನವಿಲ್ಲ. ಮೇಲೆದ್ದು, ಸೀಟನ್ನು ಮತ್ತೆ ನೋಡಿ, ಮತ್ತೆ ಕೂರಬೇಕು.

ಒತ್ತಡ ಇಳಿದ ಮೇಲೆ ಪಂಪ್ ನಿಲ್ಲಿಸಿ, ವಾಲ್ವ್ ಮುಚ್ಚಿ, ಕೆಲವು ನಿಮಿಷ ಗೇಜನ್ನು ನೋಡುತ್ತ ಕೂರಬೇಕು. ಮುಳ್ಳು ನಿಂತಲ್ಲೇ ನಿಂತರೆ ಸೀಲ್ ಹಿಡಿದಿದೆ. ನಿಧಾನವಾಗಿ ಏರುತ್ತಿದ್ದರೆ ಆ ಸೋರಿಕೆ ಪಂಪಿನ ಮಿತಿಯೊಳಗಿದೆಯೇ ಎಂದು ತೀರ್ಮಾನಿಸಬೇಕು. ಈ ಪರೀಕ್ಷೆ ದಾಟಿದ ಬಳಿಕವೇ ಸ್ಕರ್ಟಿನಲ್ಲಿ ಉಳಿದ ನೀರನ್ನು ವಾಹನದೊಳಗಿನ ಟ್ಯಾಂಕಿಗೆ ಇಳಿಸಿಕೊಂಡು, ಅದರ ಜಾಗಕ್ಕೆ ಗಾಳಿ ಬಿಡಬೇಕು.

ಎರಡು ಹ್ಯಾಚ್‌ಗಳು, ಮೂರು ಒತ್ತಡಗಳು

ಈಗ ಲೆಕ್ಕಕ್ಕೆ ಬರುವುದು ಮೂರು ಕೋಣೆಗಳು: ಮೇಲೆ ವಾಹನ, ನಡುವೆ ಖಾಲಿಯಾದ ಸ್ಕರ್ಟ್, ಕೆಳಗೆ ಜಲಾಂತರ್ಗಾಮಿ. ಪಕ್ಕಪಕ್ಕದ ಎರಡು ಕೋಣೆಗಳ ಒತ್ತಡ ಸಮನಾಗದೆ ನಡುವಿನ ಹ್ಯಾಚನ್ನು ತೆರೆಯಬಾರದು ಎಂಬುದು ಇಲ್ಲಿ ಮುರಿಯಬಾರದ ನಿಯಮ.

ಜಲಾಂತರ್ಗಾಮಿಯ ಮೇಲಿನ ಹ್ಯಾಚ್ ಹೊರಕ್ಕೆ ತೆರೆಯುತ್ತದೆ. 70 ಸೆಂಟಿಮೀಟರ್ ವ್ಯಾಸದ ಹ್ಯಾಚ್ ಎಂದುಕೊಂಡರೆ, 300 ಮೀಟರ್ ಆಳದಲ್ಲಿ ನೀರು ಅದರ ಮೇಲೆ ಹೇರುವ ಭಾರ ಸುಮಾರು 118 ಟನ್. ಸ್ಕರ್ಟಿನಲ್ಲಿ ಸಮುದ್ರದ ಒತ್ತಡ ಇರುವವರೆಗೆ ಯಾರೂ ಅದನ್ನು ಎತ್ತಲಾರರು. ಹೀಗಾಗಿ ಆ ಕಡೆಯ ತಪ್ಪು ಆಗುವುದು ಕಷ್ಟ. ಅಪಾಯವಿರುವುದು ಇನ್ನೊಂದು ಕಡೆಯಿಂದ. ಜಲಾಂತರ್ಗಾಮಿಯ ಕೆಲವು ಭಾಗಗಳಿಗೆ ನೀರು ನುಗ್ಗಿದಾಗ ಅಥವಾ ಅಧಿಕ ಒತ್ತಡದ ಗಾಳಿಯ ಪೈಪುಗಳು ಸೋರಿದಾಗ ಉಳಿದ ಕೋಣೆಯ ಗಾಳಿ ಒತ್ತಿಕೊಂಡು ಒಳಗಿನ ಒತ್ತಡ ಎರಡು, ಮೂರು ಪಟ್ಟು ಏರಿರಬಹುದು. ಸ್ಕರ್ಟಿನಲ್ಲಿ ಮೇಲ್ಮೈಯ ಒತ್ತಡ, ಕೆಳಗೆ ಅದರ ಮೂರು ಪಟ್ಟು ಎಂದಾದರೆ, ಚಿಲಕ ಸಡಿಲಿಸಿದೊಡನೆ ಅದೇ ಹ್ಯಾಚ್ ಟನ್‌ಗಟ್ಟಲೆ ಬಲದಿಂದ ಮೇಲಕ್ಕೆ ಸಿಡಿಯುತ್ತದೆ. ಆದ್ದರಿಂದ ಸ್ಕರ್ಟಿಗೆ ಇಳಿದ ಸಿಬ್ಬಂದಿ ಮೊದಲು ಹ್ಯಾಚನ್ನು ತಟ್ಟಿ ಒಳಗಿನವರ ಉತ್ತರ ಪಡೆಯುತ್ತಾನೆ, ಒಳಗಿನ ಒತ್ತಡವನ್ನು ತಿಳಿದುಕೊಳ್ಳುತ್ತಾನೆ, ಬಳಿಕ ಸಮೀಕರಣದ ಸಣ್ಣ ವಾಲ್ವನ್ನು ತುಸುತುಸುವೇ ತೆರೆದು ಎರಡೂ ಕಡೆ ಸಮವಾಗಲು ಬಿಡುತ್ತಾನೆ.

ಅದೇ ವಾಲ್ವಿನಿಂದ ಗಾಳಿಯ ಮಾದರಿಯನ್ನೂ ಪಡೆಯುತ್ತಾರೆ. ಬ್ಯಾಟರಿ ಕೋಣೆಗೆ ಉಪ್ಪುನೀರು ಸೇರಿದ್ದರೆ ಕ್ಲೋರಿನ್ ಹುಟ್ಟಿರಬಹುದು. ಬೆಂಕಿ ಬಿದ್ದಿದ್ದರೆ ಕಾರ್ಬನ್ ಮೊನಾಕ್ಸೈಡ್ ಇರಬಹುದು. ಆ ಗಾಳಿ ವಾಹನಕ್ಕೆ ನುಗ್ಗಿದರೆ ರಕ್ಷಿಸಲು ಬಂದವರೂ ಬೀಳುತ್ತಾರೆ. ಉಸಿರಾಟದ ಮುಖವಾಡ ಧರಿಸದೆ ಈ ಹಂತವನ್ನು ಮಾಡಬಾರದು. ಸೀಟಿಗೆ ವಾಹನವನ್ನು ಕಟ್ಟುವ ಬಿಗಿಪಟ್ಟಿಗಳಿದ್ದರೆ ಅವನ್ನೂ ಈಗಲೇ ಹಾಕಿಕೊಳ್ಳಬೇಕು, ಏಕೆಂದರೆ ಜಲಾಂತರ್ಗಾಮಿಯ ಅಧಿಕ ಒತ್ತಡ ಸ್ಕರ್ಟಿಗೂ ಬಂದಷ್ಟೂ ಸಮುದ್ರದ ಹಿಡಿತ ಆ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ಆಳ ಹೆಚ್ಚಿದ್ದರೆ ಈ ಇಳಿಕೆ ಲೆಕ್ಕಕ್ಕಿಲ್ಲ. ಆಳ ಕಡಿಮೆ ಇದ್ದಲ್ಲಿ ಲೆಕ್ಕ ಹಾಕಲೇಬೇಕು. ಜೋಡಣೆಗೆ ಆಳವಾದ ನೀರಿಗಿಂತ ಆಳವಿಲ್ಲದ ನೀರೇ ಕೆಲವೊಮ್ಮೆ ತೊಡಕಾಗುವುದು ಹೀಗೆ.

ಹ್ಯಾಚ್ ತೆರೆದ ಮೇಲೆ ಜನರನ್ನು ಒಬ್ಬೊಬ್ಬರಾಗಿ ಹತ್ತಿಸುವುದು. ಯಾರು ಮೊದಲು ಬರಬೇಕು ಎಂಬುದನ್ನು ಕೆಳಗಿರುವ ಹಿರಿಯ ಅಧಿಕಾರಿ ಮೊದಲೇ ಗೊತ್ತುಮಾಡಿರುತ್ತಾರೆ. ಗಾಯಾಳುಗಳನ್ನು ಸ್ಟ್ರೆಚರ್‌ಗೆ ಕಟ್ಟಿ ನೆಟ್ಟಗೆ ಎತ್ತಬೇಕಾಗುವುದರಿಂದ ಅವರಿಗೆ ಹೆಚ್ಚು ವೇಳೆ ಬೇಕು. ಇಲ್ಲಿ ಚಾಲಕ ಮರೆಯಬಾರದ ಸಂಗತಿ ತೂಕ. 14 ಮಂದಿ ಹತ್ತಿದರೆ ವಾಹನಕ್ಕೆ ಒಂದು ಟನ್ನಿಗೂ ಹೆಚ್ಚು ಭಾರ ಕೂಡುತ್ತದೆ. ಅಷ್ಟೇ ತೂಕದ ಬ್ಯಾಲಾಸ್ಟ್ ನೀರನ್ನು (ತೂಕ ಹೊಂದಿಸಲು ಟ್ಯಾಂಕಿನಲ್ಲಿಟ್ಟ ನೀರು) ಹೊರಹಾಕಬೇಕು ಅಥವಾ ಜಲಾಂತರ್ಗಾಮಿಯೊಳಗಿನ ತಳಕ್ಕೆ ಬಿಡಬೇಕು. ಇಲ್ಲದಿದ್ದರೆ ಸೀಲ್ ಬಿಟ್ಟ ಕ್ಷಣದಲ್ಲಿ ವಾಹನ ಮೇಲೇರುವ ಬದಲು ಅಲ್ಲೇ ಕುಸಿದು ಕೂರುತ್ತದೆ.

ಬಿಡಿಸಿಕೊಳ್ಳುವುದು ಇದೇ ದಾರಿಯ ಹಿಮ್ಮುಖ ನಡೆ. ಕೆಳಗೆ ಉಳಿದವರು ತಮ್ಮ ಹ್ಯಾಚನ್ನು ಮುಚ್ಚಿ ಬಿಗಿದುಕೊಳ್ಳುತ್ತಾರೆ, ವಾಹನದವರು ತಮ್ಮದನ್ನು ಮುಚ್ಚುತ್ತಾರೆ, ಬಿಗಿಪಟ್ಟಿಗಳನ್ನು ಅದಕ್ಕೂ ಮೊದಲೇ ಬಿಚ್ಚಿರಬೇಕು. ಸ್ಕರ್ಟಿಗೆ ಸಮುದ್ರದ ನೀರು ಬಿಟ್ಟು ಒತ್ತಡ ಸಮನಾದೊಡನೆ ಹಿಡಿತ ತಾನಾಗಿ ಕಳಚುತ್ತದೆ. ಥ್ರಸ್ಟರ್‌ನಿಂದ ಎಳೆದು ಬಿಡಿಸುವ ಯತ್ನ ವ್ಯರ್ಥ; 540 ಟನ್‌ಗಳ ಎದುರು ಯಾವ ಥ್ರಸ್ಟರೂ ನಿಲ್ಲುವುದಿಲ್ಲ.

ಮೇಲೆ ಬಂದರೂ ಕೆಲಸ ಮುಗಿದಿರುವುದಿಲ್ಲ. ಅಧಿಕ ಒತ್ತಡದ ಗಾಳಿಯಲ್ಲಿ ದಿನಗಟ್ಟಲೆ ಉಸಿರಾಡಿದವರ ರಕ್ತ, ಕೊಬ್ಬುಗಳಲ್ಲಿ ಸಾರಜನಕ ಕರಗಿಕೊಂಡಿರುತ್ತದೆ. ಅವರನ್ನು ಏಕಾಏಕಿ ಡೆಕ್ಕಿನ ಗಾಳಿಗೆ ತಂದರೆ ಅದು ಗುಳ್ಳೆಗಳಾಗಿ ಕೀಲು, ಬೆನ್ನುಹುರಿ, ಮಿದುಳನ್ನು ಹೊಡೆಯುತ್ತದೆ. ಹೀಗಾಗಿ ವಾಹನವನ್ನು ಹಡಗಿನ ಡಿಕಂಪ್ರೆಷನ್ ಚೇಂಬರ್‌ಗೆ ನೇರವಾಗಿ ಜೋಡಿಸಿ, ಒತ್ತಡ ಬದಲಾಗದಂತೆ ಜನರನ್ನು ಅದರೊಳಕ್ಕೆ ಸಾಗಿಸಿ, ಬಳಿಕ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ನಿಧಾನವಾಗಿ ಒತ್ತಡ ಇಳಿಸುತ್ತಾರೆ.

ನಡೆದದ್ದು, ನಡೆಯದೆ ಹೋದದ್ದು

ಈ ವಿಧಾನದ ಬೇರು 1939ರಲ್ಲಿದೆ. ಆ ವರ್ಷದ ಮೇ 23ರಂದು ಅಮೆರಿಕದ ಸ್ಕ್ವಾಲಸ್ ಎಂಬ ಜಲಾಂತರ್ಗಾಮಿ ನ್ಯೂ ಹ್ಯಾಂಪ್‌ಶೈರ್ ಕರಾವಳಿಯಲ್ಲಿ ಸುಮಾರು 74 ಮೀಟರ್ ಆಳದಲ್ಲಿ ಮುಳುಗಿತು. ಮುಳುಗುಗಾರನೊಬ್ಬ ಹ್ಯಾಚ್‌ಗೆ ಕಟ್ಟಿಬಂದ ಕೇಬಲ್ ಹಿಡಿದು, ಮೆಕ್ಯಾನ್ ಚೇಂಬರ್ ಎಂಬ ಗಂಟೆಯಾಕಾರದ ಉಕ್ಕಿನ ಕೋಣೆ ಇಳಿಯಿತು. ಅದಕ್ಕೆ ಥ್ರಸ್ಟರ್ ಇರಲಿಲ್ಲ, ಕ್ಯಾಮೆರಾ ಇರಲಿಲ್ಲ. ಆದರೆ ಕೆಳಗಿನ ಅಂಚಿಗೆ ರಬ್ಬರ್ ಗ್ಯಾಸ್ಕೆಟ್ ಇತ್ತು, ಕೆಳಭಾಗದ ನೀರನ್ನು ಹೊರದೂಡುವ ವ್ಯವಸ್ಥೆ ಇತ್ತು. ನಾಲ್ಕು ಬಾರಿ ಇಳಿದು 7, 9, 9, 8 ಎಂಬಂತೆ 33 ಮಂದಿಯನ್ನು ಅದು ಮೇಲೆ ತಂದಿತು. ನೀರು ತುಂಬಿದ ಹಿಂಭಾಗದಲ್ಲಿದ್ದ 26 ಮಂದಿ ತೀರಿಕೊಂಡಿದ್ದರು; ಯಾರಾದರೂ ಉಳಿದಿರಬಹುದೆಂದು ಚೇಂಬರ್ ಐದನೇ ಬಾರಿಯೂ ಇಳಿದು ಹಿಂಭಾಗದ ಹ್ಯಾಚನ್ನು ಪರೀಕ್ಷಿಸಿತು. ಮೂಲತತ್ವ ಅಂದಿನಿಂದ ಬದಲಾಗಿಲ್ಲ. 1963ರಲ್ಲಿ 129 ಮಂದಿಯೊಂದಿಗೆ ಥ್ರೆಷರ್ ಎಂಬ ಜಲಾಂತರ್ಗಾಮಿ ಮುಳುಗಿದ ಬಳಿಕ, ಕೇಬಲ್‌ನ ಹಂಗಿಲ್ಲದೆ ತಾನೇ ಚಲಿಸಿ ಜೋಡಿಕೊಳ್ಳುವ ವಾಹನಗಳನ್ನು ಅಮೆರಿಕ ಕಟ್ಟಿತು. 24 ಮಂದಿಯನ್ನು ಹೊರುತ್ತಿದ್ದ ಮಿಸ್ಟಿಕ್ 1970ರಲ್ಲಿ ನೀರಿಗಿಳಿಯಿತು.

ಜೋಡಣೆ ಆಗದೆ ಹೋದ ಕಥೆಯೂ ತಿಳಿದಿರಬೇಕು. 2000ದ ಆಗಸ್ಟ್ 12ರಂದು ಬ್ಯಾರೆಂಟ್ಸ್ ಸಮುದ್ರದಲ್ಲಿ ಸ್ಫೋಟಗೊಂಡ ರಷ್ಯಾದ ಕುರ್ಸ್ಕ್ ಜಲಾಂತರ್ಗಾಮಿ ಬಿದ್ದದ್ದು 108 ಮೀಟರ್ ಆಳದಲ್ಲಿ. ಅದು ಅಸಾಧ್ಯ ಆಳವೇನಲ್ಲ. ಸ್ಫೋಟದಿಂದ ಪಾರಾಗಿ ಒಂಬತ್ತನೆಯ ಕೋಣೆ ಸೇರಿದ 23 ಮಂದಿಯ ಹೆಸರುಗಳನ್ನು ಅವರಲ್ಲೊಬ್ಬ ಅಧಿಕಾರಿ ಬರೆದಿಟ್ಟಿದ್ದ. ರಷ್ಯಾದ ರಕ್ಷಣಾ ವಾಹನಗಳು ಆ ಕೋಣೆಯ ಹ್ಯಾಚ್ ಮೇಲೆ ಕೂರಲು ಮತ್ತೆ ಮತ್ತೆ ಯತ್ನಿಸಿದವು. ಪ್ರವಾಹ, ಮಸುಕು ನೀರು, ಬೇಗ ಬರಿದಾಗುತ್ತಿದ್ದ ಬ್ಯಾಟರಿಗಳ ನಡುವೆ ಸೀಲ್ ಹಿಡಿಯಲೇ ಇಲ್ಲ. ಆಗಸ್ಟ್ 21ರಂದು ನಾರ್ವೆಯ ಮುಳುಗುಗಾರರು ಹ್ಯಾಚ್ ತೆರೆದಾಗ ಒಳಗೆ ನೀರು ತುಂಬಿತ್ತು. 118 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಯಾವ ದೇಶದ ವಾಹನ ಎಲ್ಲಿ ಲಭ್ಯವಿದೆ, ಯಾರನ್ನು ಬೇಗ ಕರೆಸಬಹುದು ಎಂಬುದನ್ನು ಹೊಂದಿಸುವ ಇಸ್ಮರ್ಲೊ ಎಂಬ ಅಂತರರಾಷ್ಟ್ರೀಯ ಕಚೇರಿ ಹುಟ್ಟಿಕೊಂಡದ್ದು ಈ ದುರಂತದ ನಂತರ. ರೆಸ್ಕ್ಯೂ ಸೀಟ್‌ನ ಅಳತೆಗೂ ಒಪ್ಪಿತ ಮಾನದಂಡವಿರುವುದರಿಂದ ಒಂದು ದೇಶದ ವಾಹನ ಇನ್ನೊಂದು ದೇಶದ ಜಲಾಂತರ್ಗಾಮಿಗೆ ಕೂರಬಲ್ಲದು. ಮಾನದಂಡ ಎಂಬ ನೀರಸ ಕಾಗದಕ್ಕೆ ಇಷ್ಟು ಬೆಲೆ ಇರುವ ಸಂದರ್ಭ ಬೇರೊಂದಿಲ್ಲ.

ಭಾರತದ ಬಳಿ ಇಂಥ ಎರಡು ವಾಹನಗಳಿವೆ. ಬ್ರಿಟನ್ನಿನ ಜೇಮ್ಸ್ ಫಿಷರ್ ಡಿಫೆನ್ಸ್ ಕಟ್ಟಿಕೊಟ್ಟ ಇವು 650 ಮೀಟರ್ ಆಳದವರೆಗೆ ಇಳಿದು, ಒಂದು ಸಲಕ್ಕೆ 14 ಮಂದಿಯನ್ನು ತರಬಲ್ಲವು. ಮೊದಲನೆಯದು 2018ರ ಡಿಸೆಂಬರ್ 12ರಂದು ಮುಂಬೈನಲ್ಲಿ ಸೇವೆಗೆ ಸೇರಿತು. ಅದಕ್ಕೂ ಮೊದಲು, ಅಕ್ಟೋಬರ್‌ನ ಪರೀಕ್ಷೆಗಳಲ್ಲಿ, 300 ಅಡಿಗೂ ಹೆಚ್ಚಿನ ಆಳದಲ್ಲಿ ತಳದ ಮೇಲೆ ಕೂತಿದ್ದ ನಮ್ಮದೇ ಜಲಾಂತರ್ಗಾಮಿಗೆ ಜೋಡಿಕೊಂಡು, ಎರಡೂ ಹ್ಯಾಚ್ ತೆರೆದು ಸಿಬ್ಬಂದಿಯನ್ನು ಸಾಗಿಸಿ ತೋರಿಸಿತ್ತು. ಎರಡನೆಯದರ ನೆಲೆ ವಿಶಾಖಪಟ್ಟಣ. ಇಡೀ ವ್ಯವಸ್ಥೆಯನ್ನು ವಿಮಾನದಲ್ಲಿ ಸಾಗಿಸಿ ಬೇರೆ ಹಡಗಿನ ಮೇಲೆ ಕಟ್ಟಬಹುದು. ವಿಶಾಖಪಟ್ಟಣದ ಹಿಂದೂಸ್ತಾನ್ ಶಿಪ್‌ಯಾರ್ಡ್ ನಿರ್ಮಿಸಿದ ಐಎನ್‌ಎಸ್ ನಿಸ್ತಾರ್ 2025ರ ಜುಲೈ 18ರಂದು ಸೇವೆಗೆ ಸೇರಿದ ಮೇಲೆ ಈ ವಾಹನಕ್ಕೆ ಯೋಗ್ಯ ತಾಯಿ ಹಡಗು ದೊರೆತಂತಾಗಿದೆ.

ಮಿತಿಯನ್ನೂ ಮನೆಯವರಿಗೆ ಮುಚ್ಚಿಡಬಾರದು. 2021ರ ಏಪ್ರಿಲ್‌ನಲ್ಲಿ ಇಂಡೊನೇಷ್ಯಾದ ನಂಗಾಲಾ ಜಲಾಂತರ್ಗಾಮಿ ಕಾಣೆಯಾದಾಗ ಭಾರತ ವಿಶಾಖಪಟ್ಟಣದಿಂದ ತನ್ನ ವಾಹನವನ್ನು ಕಳುಹಿಸಿತ್ತು. ಆದರೆ ಆ ಜಲಾಂತರ್ಗಾಮಿ ಒಡೆದು ಬಿದ್ದದ್ದು 838 ಮೀಟರ್ ಆಳದಲ್ಲಿ. 53 ಮಂದಿ ಅಸುನೀಗಿದ್ದರು. ಒಡಲು ತಾಳುವ ಆಳಕ್ಕಿಂತ ತಳ ಕೆಳಗಿದ್ದರೆ ಜೋಡಿಸಲು ಏನೂ ಉಳಿದಿರುವುದಿಲ್ಲ. ಈ ವಿಧಾನ ನೆರವಾಗುವುದು ತಳ ಕೈಗೆಟಕುವ ನೀರಿನಲ್ಲಿ ಮಾತ್ರ.

ಡ್ರಮ್ಮಿನಲ್ಲಿ ಮಾಡಿ ನೋಡುವ ಬಗೆ

ಪಾಲಿಟೆಕ್ನಿಕ್ ವರ್ಕ್‌ಶಾಪ್‌ನಲ್ಲಿ ಇದನ್ನು ಒಂದು ದಿನದಲ್ಲಿ ಸಿದ್ಧಪಡಿಸಬಹುದು. 100 ಮಿಲಿಮೀಟರ್ ಒಳವ್ಯಾಸ, 100 ಮಿಲಿಮೀಟರ್ ಎತ್ತರದ ಉಕ್ಕಿನ ಪೈಪಿನ ತುಂಡಿಗೆ ಮೇಲೆ ಪ್ಲೇಟ್ ವೆಲ್ಡ್ ಮಾಡಿ ಬಟ್ಟಲು ಮಾಡಿಕೊಳ್ಳಿ. ಕೆಳಗಿನ ಅಂಚಿಗೆ ಅಗಲವಾದ ರಿಂಗ್ ವೆಲ್ಡ್ ಮಾಡಿ, ಲೇತ್‌ನಲ್ಲಿ ಮುಖ ತೆಗೆದು, ಒ-ರಿಂಗ್ (ಸೀಲ್ ಆಗುವ ರಬ್ಬರ್ ಬಳೆ) ಕೂರುವ ತೋಡು ಕೊರೆಯಿರಿ. ಮೇಲಿನ ಪ್ಲೇಟಿಗೆ ಎರಡು ನಿಪ್ಪಲ್ ಹಾಕಿ: ಒಂದರ ಕೊಳವೆ ಬಟ್ಟಲಿನೊಳಗೆ ತಳದವರೆಗೆ ಇಳಿದಿರಲಿ, ಅದು ನೀರೆಳೆಯಲು, ಇನ್ನೊಂದು ಗಾಳಿಗೆ. ಎರಡಕ್ಕೂ ವಾಲ್ವ್ ಜೋಡಿಸಿ ಪಾರದರ್ಶಕ ಕೊಳವೆಗಳನ್ನು ನೀರಿನ ಮೇಲಕ್ಕೆ ತನ್ನಿ. ಸೀಟಾಗಿ, ಸರ್ಫೇಸ್ ಗ್ರೈಂಡಿಂಗ್ ಮಾಡಿದ ದಪ್ಪ ಪ್ಲೇಟೊಂದನ್ನು 200 ಲೀಟರ್ ಡ್ರಮ್ಮಿನ ತಳದಲ್ಲಿ ಮಟ್ಟವಾಗಿ ಇಟ್ಟು, 80 ಸೆಂಟಿಮೀಟರ್ ನೀರು ತುಂಬಿ.

ಎರಡೂ ವಾಲ್ವ್ ತೆರೆದಿಟ್ಟು ಬಟ್ಟಲನ್ನು ನೀರಿಗಿಳಿಸಿ, ಪೂರ್ತಿ ನೀರು ತುಂಬಿದ ಮೇಲೆ ಪ್ಲೇಟಿನ ಮೇಲೆ ಕೂರಿಸಿ, ಎತ್ತಿ ನೋಡಿ. ಅದು ಸರಾಗವಾಗಿ ಬರುತ್ತದೆ. ಮತ್ತೆ ಕೂರಿಸಿ, ಮೇಲಿನಿಂದ ಕೋಲಿನಿಂದ ಒತ್ತಿ ಹಿಡಿದು, ಗಾಳಿಯ ಕೊಳವೆ ತೆರೆದಿರುವಂತೆಯೇ ಕೈಪಂಪಿನಿಂದ ನೀರೆಳೆಯಿರಿ. ನೀರು ಹೋಗಿ ಗಾಳಿ ತುಂಬಿದ ಮೇಲೆ ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೆದರೆ ಬಟ್ಟಲಿನ ತೂಕವಲ್ಲದೆ ಸುಮಾರು ಐದೂವರೆ ಕಿಲೋ ಹೆಚ್ಚಿನ ಬಲ ಬೇಕಾಗುತ್ತದೆ. 70 ಸೆಂಟಿಮೀಟರ್ ನೀರು ಕೊಟ್ಟ ಹಿಡಿತ ಅದು; ಆಳದ ಅನುಪಾತದಲ್ಲಿ ಗುಣಿಸಿದರೆ 300 ಮೀಟರ್‌ನ ಹಿಡಿತ ವಿದ್ಯಾರ್ಥಿಗೆ ತಾನೇ ದೊರೆಯುತ್ತದೆ. ಆಮೇಲೆ ಒ-ರಿಂಗ್ ಕೆಳಗೆ ಒಂದು ಎಳೆ ಸುತಳಿ ಇಟ್ಟು ಇದನ್ನೇ ಪುನಃ ಮಾಡಿ. ಪಂಪ್ ಎಷ್ಟು ಎಳೆದರೂ ನೀರು ಒಳಗೆ ಬರುತ್ತಲೇ ಇರುತ್ತದೆ. ಪ್ಲೇಟಿನ ಕೆಳಗೆ ಬೆಣೆ ಕೊಟ್ಟು ವಾಲಿಸಿಯೂ ನೋಡಬಹುದು.

ಬಿಡಿಸುವಾಗ ಎಳೆದಾಡಬೇಡಿ, ಹಠಾತ್ತನೆ ಕಿತ್ತರೆ ಒ-ರಿಂಗ್ ತೋಡಿನಿಂದ ಕಳಚಿ ಸೀಳುತ್ತದೆ. ಪಂಪನ್ನು ಕಳಚಿ, ನೀರಿನ ಕೊಳವೆಯ ತುದಿಯನ್ನು ಡ್ರಮ್ಮಿನಲ್ಲಿ ಮುಳುಗಿಸಿ, ಗಾಳಿಯ ಕೊಳವೆಯಿಂದ ಸ್ವಲ್ಪ ಉಸಿರೆಳೆದರೆ ನೀರು ಹರಿಯಲು ಶುರುವಾಗಿ ಬಟ್ಟಲು ತಾನಾಗಿ ತುಂಬುತ್ತದೆ. ಪಾರದರ್ಶಕ ಕೊಳವೆಯಲ್ಲಿ ನೀರು ಡ್ರಮ್ಮಿನ ಮಟ್ಟಕ್ಕೆ ಬಂದು ನಿಂತ ಮೇಲೆ ಎತ್ತಿ. ಮುಂದಿನ ತಂಡಕ್ಕೆ ಕೊಡುವ ಮೊದಲು ಒ-ರಿಂಗನ್ನು ಒರೆಸಿ, ಸುತ್ತಲೂ ಉಗುರಿನಿಂದ ಸವರಿ, ಗೀರು ಸಿಕ್ಕರೆ ಬದಲಿಸಿ.